ನಕ್ಷೆಯ ಮೇಲಿನ ಕುಂಕುಮ

“ಅಯ್ಯಯ್ಯೋ, ಅದು ಕಾಲೇಜಿಂದ್ರೀ ಅಮ್ಮಾ!” ಎಂದು ನಾನು ಕೂಗುವಷ್ಟರಲ್ಲಿ ಶಿವಮ್ಮ ನಕ್ಷೆಯ ಮೇಲೆ ಕುಂಕುಮ ಹಚ್ಚಿಯಾಗಿತ್ತು. ಬೈಸಿಕೊಳ್ಳುವವನು ನಾನು!

ತೊಂಬತ್ತರ ದಶಕದ ಮಾತು. ಸಿಂಧನೂರಿನ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದ ನಾನು, ಕಾಲುವೆ ಬರುವ ಮೊದಲಿನ ಹಳೇ ನಕ್ಷೆ ಹಿಡಿದು ಬಳಗಾನೂರಿನ ಕಡೆ ಏನೇನು ಬದಲಾಗಿದೆ ಎಂದು ನೋಡಲು ಹೋಗಿದ್ದೆ. ಅಲ್ಲಿ ಶಿವಮ್ಮ ಎಂಬ ವಯಸ್ಸಾದ ಹೆಂಗಸಿನ ಮನೆಕಟ್ಟೆಯ ಮೇಲೆ ಅದನ್ನು ಹಾಸಿ, ಈಗ ಬರೀ ಭತ್ತದ ಗದ್ದೆಯಿರುವ ಜಾಗದಲ್ಲಿ ಆಗ ಇದ್ದ ಪುಟ್ಟ ಹಳ್ಳಿಯ ಹೆಸರು ಓದಿದೆ. ಜೋಳ ಹಸನು ಮಾಡುತ್ತಿದ್ದ ಆಕೆ ಮೊರ ಕೆಳಗಿಟ್ಟು ಬಂದರು. “ಎಲ್ಲೈತ್ರೀ, ತೋರಸ್ರೀ” ಎಂದರು. ಬೆರಳಿಟ್ಟು ತೋರಿಸಿದೆ. ಒಳಗೆ ಹೋಗಿ ಕುಂಕುಮದ ಭರಣಿ ತಂದೇಬಿಟ್ಟರು.

“ನನ್ನ ತವರೂರ್ರೀ ಸರ. ಕಾಲುವಿ ಬಂದ ಮ್ಯಾಲ ನೆಲ ಜವುಳು ಹಿಡಿದು, ನೀರು ಜಿನುಗಿ ಮನಿ ಎಲ್ಲಾ ಬಿದ್ದುವು, ಮಂದಿ ಚದುರಿ ಹೋದ್ರು. ತವರಿಗೆ ಹೋದಾಗೊಮ್ಮೆ ಹೊಸ್ತಿಲಕ್ಕ ಕುಂಕುಮ ಹಚ್ಚೇ ಒಳಗ ಹೋಗ್ತಿದ್ದೆ. ಈಗ ಹೊಸ್ತಿಲಾರ ಎಲ್ಲೈತ್ರೀ?”

ನಕ್ಷೆಯನ್ನು ಒರೆಸದೆ ಹಾಗೆಯೇ ಕಾಲೇಜಿಗೆ ಮರಳಿಸಿದೆ. ಗುರುತುಗಳ ಪಟ್ಟಿಯಲ್ಲಿಲ್ಲದ ಆ ಕೆಂಪು ಚುಕ್ಕೆ ಏನೆಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ, “ಅದು ಶಿವಮ್ಮನ ತವರಿನ ಹೊಸ್ತಿಲು” ಎನ್ನುತ್ತಿದ್ದೆ.