ಕಡತದ ಫೋಟೊ

ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುವವನು. ಈಗ ನಗಲಾರೆ. ನಂಬಿದ್ದೇನೆ ಎನ್ನುವುದಕ್ಕೂ ಬಾಯಿ ಬರುವುದಿಲ್ಲ.

ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ಕಡತ ನೋಡಿಕೊಳ್ಳುವುದು ನನ್ನ ಕೆಲಸ. ರೋಗಿಯ ಒಪ್ಪಿಗೆಯಿಲ್ಲದೆ ಒಂದು ಹಾಳೆಯೂ ಹೊರಗೆ ಹೋಗಕೂಡದು, ಅದು ಕಾನೂನು ಎಂಬ ಕಾಗದಕ್ಕೆ ನಾನು ಕೆಲಸಕ್ಕೆ ಸೇರಿದ ದಿನವೇ ಸಹಿ ಹಾಕಿದ್ದೆ. ಆದರೆ ನಮ್ಮ ಕಡೆ ಹೆಣ್ಣು ನೋಡಿ ಬಂದವರು ಜಾತಕ ತೋರಿಸಿದ ಮೇಲೆ ಆಸ್ಪತ್ರೆಯಲ್ಲೂ ಗುಟ್ಟಾಗಿ ವಿಚಾರಿಸುತ್ತಾರೆ. ಗುರುತಿನವರು ಕೇಳಿದರೆ ಇಲ್ಲ ಎನ್ನಲು ನಮಗೆ ಬರುವುದಿಲ್ಲ.

ಗುಲ್ವಾಡಿಯ ಹೆಂಗಸೊಬ್ಬರು ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿ ಮನೋರೋಗಕ್ಕೆ ಮದ್ದು ಮಾಡಿಸಿಕೊಂಡು ಗುಣವಾಗಿದ್ದರು. ಮಗಳಿಗೆ ತ್ರಾಸಿಯಿಂದ ಸಂಬಂಧ ಬಂದಾಗ ನನ್ನ ಕೌಂಟರಿಗೆ ಬಂದು, "ಹ್ವಾಯ್, ನನ್ ವಿಷ್ಯ ಯಾರಿಗೂ ಗೊತ್ತಾಪ್ಕಾಗ. ಹೆಣ್ಣಿನ್ ಬದ್ಕ್ ಹಾಳಾತ್ತ್" ಎಂದರು. ಆಯಿತು, ಯಾರಿಗೂ ಹೇಳುವುದಿಲ್ಲ ಎಂದೆ.

ವಾರದೊಳಗೆ ಹುಡುಗನ ಸೋದರಮಾವ ಫೋನು ಮಾಡಿದರು. ನನಗೂ ದೂರದಿಂದ ಮಾವನೇ ಆಗಬೇಕು. "ಆ ಹೆಂಗ್ಸಿನ್ ಕಾಗ್ದದ್ ಫೋಟೊ ಹೊಡ್ದ್ ಕಳ್ಸಾ. ನಾವೆಂತ ಹೊರ್ಗಿನೋರಾ?" ನಾನು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಡತ ತೆಗೆದು, ವೈದ್ಯರು ಬರೆದ ಹಾಳೆಯ ಫೋಟೊ ಹೊಡೆದು ಕಳಿಸಿಬಿಟ್ಟೆ.

ಕೂಡಲೇ ಫೋನು ಬಂತು. "ಎಂತದಾ, ಬರೀ ಬೆಳಿ ಹಾಳೆ ಕಳ್ಸಿದ್ಯಲ? ಇದ್ರಗೆ ಎಂತ ಇಲ್ಲೆ."

ನನ್ನ ಮೊಬೈಲಿನಲ್ಲೂ ಹಾಗೇ ಇತ್ತು. ಮೂಲೆಯ ಪಿನ್ನು, ಹಾಳೆ ಹಿಡಿದ ನನ್ನ ಹೆಬ್ಬೆರಳು ಸ್ಪಷ್ಟವಾಗಿ ಬಂದಿದ್ದವು. ಅಕ್ಷರ ಒಂದೂ ಇಲ್ಲ. ಕೈಯಲ್ಲಿದ್ದ ಹಾಳೆಯಲ್ಲಾದರೋ ನೀಲಿ ಶಾಯಿಯ ಬರಹ ಇದ್ದ ಹಾಗೇ ಇತ್ತು. ಇನ್ನೂ ಎರಡು ಸಲ ಹೊಡೆದೆ. ಅದೇ ಬಿಳಿ. ಮೇಜಿನ ಮೇಲಿದ್ದ ನನ್ನ ರಜೆಯ ಅರ್ಜಿಯನ್ನು ಹೊಡೆದು ನೋಡಿದೆ, ಅದು ಚೆನ್ನಾಗಿ ಬಂತು. ನನಗೆ ಹೆದರಿಕೆಯಾಗಲಿಲ್ಲ. ಏನೂ ಆಗಲಿಲ್ಲ. "ಖಾಲಿ ಹಾಳೆ ತಪ್ಪಿ ಬಂತ್ ಮಾವ. ಅವ್ರ್ ಕಾಗ್ದ ನಮ್ಮಲ್ ಇಲ್ಲೆ" ಎಂದು ಹೇಳಿ ಕಡತವನ್ನು ಕಪಾಟಿನಲ್ಲಿಟ್ಟೆ.

ಮದುವೆಯಾಯಿತು. ಅಕ್ಷರ ಯಾಕೆ ಬರಲಿಲ್ಲವೋ ಇಂದಿಗೂ ತಿಳಿಯದು. ಬಲ್ಲವರನ್ನು ಕೇಳೋಣವೆಂದರೆ, ಫೋಟೊ ಯಾಕೆ ಹೊಡೆದೆ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಮದುವೆಯ ಮರುವಾರ ಆ ತಾಯಿ ಲಾಡಿನ ಪೊಟ್ಟಣ ಹಿಡಿದುಕೊಂಡು ಬಂದಿದ್ದರು. "ನೀವ್ ಬಾಯಿ ಬಿಡ್ಲಿಲ್ಲೆ. ನಿಮ್ಮ್ ಉಪ್ಕಾರ ಮರುದಿಲ್ಲೆ" ಎಂದು ಕೈಮುಗಿದರು. ಅವರ ಎದುರೇ ಒಂದು ಲಾಡು ತಿಂದೆ. ರುಚಿ ಗೊತ್ತಾಗಲಿಲ್ಲ. "ಇನ್ನೊಂದ್ ತಕಣಿ" ಎಂದರು. ತೆಗೆದುಕೊಂಡೆ.