ಕೊರಳಿಗೆ ತಗಡು ಹಾಕಿಕೊಂಡ ಇಂಗ್ಲಿಷ್ ಮೇಡಂ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಯ ಅಂಗಳದ ನಲ್ಲಿಯ ಹತ್ತಿರ ನಡುವಯಸ್ಸಿನ ಹೆಂಗಸೊಬ್ಬರು ತೋಳು ಮಡಚಿಕೊಂಡು ನಿಂತಿದ್ದಾರೆ. ಎದುರಿಗೆ ಒಂದು ಬಕೆಟ್ಟು, ಒಂದು ಮಗ್ಗು, ಕಣ್ಣುಜ್ಜಿಕೊಳ್ಳುತ್ತಿರುವ ಏಳೆಂಟು ಮಕ್ಕಳು. "ಪೋರ್" ಎನ್ನುತ್ತಾರೆ ಅವರು. ಒಂದು ಮಗು ನೀರು ಸುರಿಯುತ್ತದೆ. "ಮೋರ್." ಇನ್ನಷ್ಟು ಸುರಿಯುತ್ತದೆ. "ಸ್ಟಾಪ್" ಎನ್ನುವುದು ಬೇಕೆಂದೇ ತಡವಾಗಿ ಬರುತ್ತದೆ. ನೀರು ಅವರ ಕಾಲ ಮೇಲೆ ಹರಿದು ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಾರೆ.

ನಗು ಬಿಟ್ಟರೆ ಮಕ್ಕಳ ಬಾಯಿಂದ ಒಂದೇ ಒಂದು ಇಂಗ್ಲಿಷ್ ಪದ ಬರುವುದಿಲ್ಲ. ಇದು ಇಂಗ್ಲಿಷ್ ಪಾಠ, ನೋಡಿ ಬರೆಯಿರಿ ಎಂದು ಹೇಳಿ ನನ್ನನ್ನು ಕರೆಸಿದ್ದರು.

"ಯಾರೂ ಬಾಯೇ ಬಿಡ್ತಿಲ್ಲವಲ್ಲ ಮೇಡಂ?" ಎಂದೆ.

"ಬೇಡ ಬಿಡಿ, ಯಾರಿಗೆ ಅವಸರ?" ಎಂದು ಒದ್ದೆ ಕಾಲನ್ನು ಕೊಡವಿದರು. "ಕೂಸು ಹುಟ್ಟಿ ಒಂದು ವರ್ಷ ಬರೀ ಕೇಳುತ್ತೆ. ಆಗ ಯಾರಾದ್ರೂ 'ಯಾಕೆ ಇನ್ನೂ ಮಾತಾಡಿಲ್ಲ' ಅಂತ ಅದನ್ನ ಬೆಂಚಿನ ಮೇಲೆ ನಿಲ್ಲಿಸ್ತಾರಾ? ಎರಡನೇ ಭಾಷೆಗೂ ಅಷ್ಟೇ ಸಮಯ ಕೊಡ್ಬೇಕಲ್ವಾ? ಮೊದಲು ಕಿವಿ ತುಂಬ್ಲಿ. ನಾಲಿಗೆ ತಾನಾಗೇ ಬರುತ್ತೆ."

ಗಂಟೆ ಹೊಡೆಯಲು ಇನ್ನೂ ಬಹಳ ಹೊತ್ತಿದೆ. ಕಾರ್ಖಾನೆಯ ಮೊದಲ ಪಾಳಿಗೆ ಹೋಗುವ ತಾಯಂದಿರು ಮಕ್ಕಳನ್ನು ಗೇಟಿನ ಬಳಿ ಬಿಟ್ಟು ಓಡುತ್ತಾರೆ. ಆ ಮಕ್ಕಳು ಮೆಟ್ಟಿಲ ಮೇಲೆ ತೂಕಡಿಸುವುದನ್ನು ನೋಡಲಾರದೆ ಮೇಡಂ ಬೇಗ ಬರಲು ಶುರುಮಾಡಿದರು. ಹಾಗೆ ಶುರುವಾದದ್ದು ಈಗ ಅಭ್ಯಾಸವೇ ಆಗಿದೆ. ಬೆಳಗ್ಗೆ ಈ ಪುಟ್ಟ ಗುಂಪು, ಆಮೇಲೆ ಒಂದರಿಂದ ಮೂರನೇ ತರಗತಿಯ ನೂರಕ್ಕೂ ಮಿಕ್ಕಿದ ಮಕ್ಕಳು. ಎಲ್ಲರಿಗೂ ಒಬ್ಬರೇ ಇಂಗ್ಲಿಷ್ ಮೇಡಂ. ಅವರ ಚೀಲದಲ್ಲಿ ಪುಸ್ತಕಕ್ಕಿಂತ ಹೆಚ್ಚಾಗಿ ಸೌಟು, ಬೀಗ, ಹರಿದ ಕೊಡೆ, ಒಂಟಿ ಕಾಲುಚೀಲಗಳಿವೆ. ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಗಂಡ ಹಳೆಯ ಬೆಲ್ಲು, ಪೆಡಲು ಕೊಟ್ಟು ಕಳಿಸುತ್ತಾರೆ. ಹೊಸ ಪಾಠದ ಮೊದಲ ಪ್ರಯೋಗ ಮನೆಯಲ್ಲಿ ಅತ್ತೆಯ ಮೇಲೆ. "ನಮ್ಮತ್ತೆ ಈಗ 'ಕಮ್' ಅಂದ್ರೆ ಬರ್ತಾರೆ, 'ಗೋ' ಅಂದ್ರೆ ಮಾತ್ರ ಹೋಗಲ್ಲ" ಎಂದು ನಗುತ್ತಾರೆ.

ಮೇಡಂ ತಂದೆ ಬಟ್ಟೆ ಗಿರಣಿಯ ಕಾವಲುಗಾರರು. ಹೈಸ್ಕೂಲಿನವರೆಗೂ ಮನೆಮಾತಿನಲ್ಲೇ ಓದಿದ ಮಗಳು ಕಾಲೇಜಿಗೆ ಕಾಲಿಟ್ಟ ಮೊದಲ ವಾರ ಉಪನ್ಯಾಸಕರೊಬ್ಬರು ಇಂಗ್ಲಿಷಿನಲ್ಲಿ ಹೆಸರು, ಊರು ಕೇಳಿದರು. "ಉತ್ತರ ಗೊತ್ತಿತ್ತು. ಬಾಯಿಗೆ ಬರ್ಲಿಲ್ಲ. ಇಡೀ ಕ್ಲಾಸು ನಕ್ತು. ಆ ವರ್ಷ ಪೂರ್ತಿ ಹಿಂದಿನ ಬೆಂಚಲ್ಲಿ ತಲೆ ತಗ್ಗಿಸಿ ಕೂತೆ" ಎನ್ನುತ್ತಾರೆ.

ಕಾಲೇಜು ಮುಗಿದ ಮೇಲೆ ಸಿಕ್ಕಿದ ಕೆಲಸ ಒಂದು ಲಾಡ್ಜಿನ ಫೋನ್ ಕೌಂಟರಿನಲ್ಲಿ. ಅಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಹಿರಿಯಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಇಂಗ್ಲಿಷ್ ಕರೆ ಬಂದಾಗಲೆಲ್ಲ ಹೊಸ ಹುಡುಗಿ ಫೋನನ್ನು ತನ್ನತ್ತ ತಳ್ಳುವುದನ್ನು ನೋಡಿ ಅಕ್ಕ ಒಂದೇ ಮಾತು ಹೇಳಿದಳಂತೆ: "ಒಂದು ತಿಂಗಳು ನೀನು ಫೋನ್ ಮುಟ್ಟಬೇಡ ಕಣೇ. ನಾನು ಮಾತಾಡೋದನ್ನ ಸುಮ್ನೆ ಕೇಳ್ತಿರು. ಅರ್ಥ ಆಗ್ಲಿಲ್ಲ ಅಂದ್ರೆ ನಮ್ಮ ಭಾಷೇಲೇ ಕೇಳು." ತಿಂಗಳು ತುಂಬುವ ಮೊದಲೇ, ಅಕ್ಕ ಊಟಕ್ಕೆ ಹೋಗಿದ್ದಾಗ ಫೋನು ರಿಂಗಾಯಿತು. ಹುಡುಗಿ ಯೋಚಿಸದೆ ಎತ್ತಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿಯೇಬಿಟ್ಟಳು. ಮುಂದೆ ಶಿಕ್ಷಕರ ತರಬೇತಿಯಲ್ಲಿ ಭಾಷೆ ಕಲಿಸುವ ಬಗ್ಗೆ ದೊಡ್ಡ ದೊಡ್ಡ ಮಾತುಗಳನ್ನು ಓದಿದಾಗಲೆಲ್ಲ ಅಕ್ಕನ ಆ ಕುರ್ಚಿ ನೆನಪಾಗುತ್ತಿತ್ತಂತೆ.

ಈ ನಂಬಿಕೆಗೆ ನಿಜವಾದ ಪೆಟ್ಟು ಬಿದ್ದದ್ದು ಎರಡು ವರ್ಷದ ಹಿಂದೆ. ಮುಖ್ಯರಸ್ತೆಯಲ್ಲಿ ಖಾಸಗಿ ಶಾಲೆಯೊಂದು ತೆರೆಯಿತು. ಇಲ್ಲಿ ದಾಖಲಾತಿ ಇಳಿಯುತ್ತಾ ಬಂತು. ಶಾಲೆಯೇ ಮುಚ್ಚಿಹೋದೀತೆಂದು ಗಾಬರಿಯಾದ ಹೆಡ್‌ಮಾಸ್ಟರು ಶಾಲೆಯೊಳಗೆ ಇಂಗ್ಲಿಷ್ ಮಾತ್ರ ಎಂಬ ನಿಯಮ ತಂದರು. ಮನೆಮಾತು ಆಡಿದವರ ಕೊರಳಿಗೆ ದಾರ ಕಟ್ಟಿದ ತಗಡಿನ ಬಿಲ್ಲೆ. ಇನ್ನೊಬ್ಬರು ಸಿಕ್ಕಿಬೀಳುವವರೆಗೂ ಅದನ್ನು ಕಳಚುವಂತಿಲ್ಲ.

ಎರಡನೇ ತರಗತಿಯ ಒಬ್ಬಳು ಹುಡುಗಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಒಂದು ಗಳಿಗೆ ಸುಮ್ಮನಿರದ ಮಗು. ಒಂದೇ ದಿನ ಎರಡು ಸಲ ತಗಡು ಅವಳ ಕೊರಳಿಗೆ ಬಂತು. ಮಾರನೇ ದಿನದಿಂದ ಗುಬ್ಬಿ ಮಾತು ನಿಲ್ಲಿಸಿದಳು. ಮನೆಗಳಿಗೆ ಬಣ್ಣ ಬಳಿಯುವ ಅವಳ ಅಪ್ಪ ಕೆಲಸದ ಬಟ್ಟೆಯಲ್ಲೇ ಶಾಲೆಗೆ ಬಂದರು. "ಮೇಡಂ, ಇಂಗ್ಲಿಷ್ ಬರ್ದಿದ್ರೆ ಹೋಗ್ಲಿ. ಈಗ ಮನೇಲೂ ಮಾತಿಲ್ಲ. ಹಸಿವಾದ್ರೆ ತಟ್ಟೆ ತೋರಿಸ್ತಾಳೆ."

ಮೇಡಂ ಅಂದು ಯಾರ ಜೊತೆಯೂ ವಾದ ಮಾಡಲಿಲ್ಲ. ನೇರವಾಗಿ ತರಗತಿಗೆ ಹೋಗಿ, ತಗಡು ಹಾಕಿಕೊಂಡಿದ್ದ ಮಗುವಿನ ಕೊರಳಿನಿಂದ ಅದನ್ನು ತೆಗೆದು ತಾವೇ ಹಾಕಿಕೊಂಡರು. ಹೆಡ್‌ಮಾಸ್ಟರ ಕೋಣೆಗೆ ಹೋಗಿ ಹೇಳಿದರು: "ಸಾರ್, ನಾನು ದಿನಾ ಕ್ಲಾಸಲ್ಲಿ ಮಕ್ಕಳ ಮನೆಮಾತು ಆಡ್ತೀನಿ. ಆಡದೆ ಪಾಠ ಮಾಡೋಕೆ ನನಗೆ ಬರಲ್ಲ. ನಿಯಮದ ಪ್ರಕಾರ ಇದು ನಂದು. ಯಾವ ಮಗುಗೂ ವಾಪಸ್ ಕೊಡಲ್ಲ."

"ನಿಮ್ಮ ಹಟ ಜಾಸ್ತಿಯಾಯ್ತು ಮೇಡಂ" ಎಂದರು ಅವರು.

"ಹೌದು ಸಾರ್" ಎಂದರು ಇವರು.

ಆ ತಗಡಿನೊಂದಿಗೇ ಬಸ್ಸು ಹತ್ತಿದರು, ತರಕಾರಿ ಕೊಂಡರು. ಅತ್ತೆ ಕನ್ನಡಕ ಸರಿಮಾಡಿಕೊಂಡು "ಏನೇ ಅದು, ಓಟದಲ್ಲಿ ಗೆದ್ಯಾ?" ಎಂದರಂತೆ. ಸಹೋದ್ಯೋಗಿಗಳಲ್ಲಿ ಕೆಲವರು ನಕ್ಕರು, ಕೆಲವರು ದೂರ ಸರಿದರು. ಮೇಲಿನವರಿಗೆ ದೂರು ಹೋಯಿತು, ವಿವರಣೆ ಕೇಳಿದರು. ಕೆಲಸ ಹೋಗುವ ಭಯ ಇರಲಿಲ್ಲವೇ? "ಇಲ್ದೆ ಏನು? ಆದ್ರೆ ಆ ಮಗು ತಟ್ಟೆ ತೋರಿಸ್ತಿದೆಯಲ್ಲ, ಅದು ಕಣ್ಮುಂದೆ ಬರೋದು."

ಪೋಷಕರ ಸಭೆಯ ದಿನವೂ ಕೊರಳಲ್ಲಿ ತಗಡು. ಮೊದಲು ಎದ್ದುನಿಂತ ತಾಯಿಯೊಬ್ಬರು ಮೇಡಂ ವಿರುದ್ಧವೇ ಮಾತಾಡಿದರು. "ನಮ್ಮ ಭಾಷೆ ನಾವು ಮನೇಲಿ ಕಲಿಸ್ಕೋತೀವಿ. ನಮಗೆ ಬರದೇ ಇರೋ ಇಂಗ್ಲಿಷ್ ನೀವು ಕಲಿಸಿ ಅಂತ ತಾನೇ ಕಳಿಸೋದು?" ಹಲವರು ತಲೆಯಾಡಿಸಿದರು.

"ನಿಮ್ಮ ಆಸೆ ತಪ್ಪು ಅಂತ ನಾನೂ ಹೇಳಲ್ಲಮ್ಮ" ಎಂದರು ಮೇಡಂ. "ಇಂಗ್ಲಿಷ್ ಕಲಿಸ್ತೀನಿ, ಚೆನ್ನಾಗೇ ಕಲಿಸ್ತೀನಿ. ಆದ್ರೆ ಮಗು ಹೊಸ ಪದಾನ ಎಲ್ಲಿ ಇಟ್ಕೋಬೇಕು ಹೇಳಿ? ಗೊತ್ತಿರೋ ಮಾತಿನ ಪಕ್ಕದಲ್ಲೇ ತಾನೆ? ಇರೋ ಮಾತನ್ನೇ ನಾಚಿಕೆ ಅಂತ ಕಿತ್ಕೊಂಡ್ರೆ ಹೊಸದು ನಿಲ್ಲೋದೆಲ್ಲಿ?"

ಹೆಡ್‌ಮಾಸ್ಟರು ಎದ್ದು ನಿಯಮದ ಅಗತ್ಯವನ್ನು ಬಹಳ ಹೊತ್ತು ವಿವರಿಸಿದರು. ಮುಗಿದಾಗ ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಕೇಳಿದರು: "ಸಾರ್, ಇಷ್ಟೊತ್ತು ನೀವು ನಮ್ಮ ಭಾಷೇಲೇ ಮಾತಾಡಿದ್ರಲ್ಲ. ತಗಡು ಈಗ ನಿಮಗೆ ಬರ್ಬೇಕಲ್ವಾ?"

ಸಭೆ ಗೊಳ್ಳೆಂದಿತು. ಹೆಡ್‌ಮಾಸ್ಟರಿಗೂ ನಗು ತಡೆಯಲಾಗಲಿಲ್ಲ. ಅವರು ಮೇಡಂ ಕಡೆ ಕೈ ಚಾಚಿ ತಗಡು ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಅದು ಮತ್ತೆ ಹೊರಗೆ ಬರಲಿಲ್ಲ. ಮೂರನೇ ತರಗತಿಯವರೆಗೆ ಮೇಡಂ ಹೇಳಿದಂತೆ ನಡೆಯಲಿ, ವರ್ಷದ ಕೊನೆಗೆ ನೋಡೋಣ ಎಂದಾಯಿತು. ಒಪ್ಪದ ಕೆಲವರು ಮಕ್ಕಳನ್ನು ಮುಖ್ಯರಸ್ತೆಯ ಶಾಲೆಗೆ ಸೇರಿಸಿದರು. ಮೇಡಂಗೆ ಆ ನೋವು ಇನ್ನೂ ಇದೆ.

ಗುಬ್ಬಿ ಮನೆಯಲ್ಲಿ ಬೇಗ ಮಾತಿಗೆ ಮರಳಿದಳು. ತರಗತಿಯಲ್ಲಿ ಮಾತ್ರ ತಿಂಗಳುಗಟ್ಟಲೆ ಮೌನ. ಮೇಡಂ ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇಂಗ್ಲಿಷಿನಲ್ಲಿ ಸೌಟು ತಾ ಎಂದರೆ ತರುತ್ತಿದ್ದಳು, ಕೊಡೆ ಬಿಚ್ಚು ಎಂದರೆ ಬಿಚ್ಚುತ್ತಿದ್ದಳು, ಅಷ್ಟೇ. ಒಂದು ದಿನ ಮೇಡಂ ಬಾಗಿಲು ಹಾಕಿ, ತಳ್ಳಬೇಕಾದ ಬಾಗಿಲನ್ನು ಎಳೆಯುತ್ತಾ "ಓಪನ್ನೇ ಆಗ್ತಿಲ್ವಲ್ಲ" ಎಂದು ಪೇಚಾಡುವ ನಾಟಕ ಹೂಡಿದರು. ಎಳೆದರು, ಜಗ್ಗಿದರು, ಬೆವರು ಒರೆಸಿಕೊಂಡರು. ಹಿಂದಿನಿಂದ ಸಿಟ್ಟಿನ ದನಿಯೊಂದು ಸಿಡಿಯಿತು:

"ಪುಶ್ ಮೇಡಂ, ಪುಶ್! ಎಷ್ಟು ಸಲ ಹೇಳೋದು?"

ಹೇಳುವಾಗ ಮೇಡಂ ಬಾಗಿಲು ತಳ್ಳುವಂತೆ ಕೈ ಮುಂದೆ ಚಾಚುತ್ತಾರೆ. "ಒಂದ್ಸಲಾನೂ ಹೇಳಿರ್ಲಿಲ್ಲ ಅವಳು. ಮನಸ್ಸಲ್ಲೇ ಎಷ್ಟು ಸಲ ಹೇಳ್ಕೊಂಡಿದ್ಲೋ ಏನೋ."

ಹೆಡ್‌ಮಾಸ್ಟರನ್ನು ಕೇಳಿದರೆ, "ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದ್ರೆ ಈಗ ಚಿಕ್ಕ ಮಕ್ಕಳು ನನ್ನ ಕಂಡ್ರೆ ಗೋಡೆಗೆ ಅಂಟ್ಕೊಳಲ್ಲ, ಬಂದು ಏನೋ ಒಂದು ಇಂಗ್ಲಿಷ್ ಹೇಳಿ ಓಡ್ತಾರೆ" ಎನ್ನುತ್ತಾರೆ. ದೊಡ್ಡ ತರಗತಿಗಳಿರುವ ಮೇಲಿನ ಮಹಡಿಯಲ್ಲಿ 'ಇಂಗ್ಲಿಷ್ ಮಾತ್ರ' ಎಂಬ ಫಲಕ ಈಗಲೂ ತೂಗುತ್ತಿದೆ. ಅದನ್ನು ಇಳಿಸಬೇಕೆಂದು ಮೇಡಂ ಪ್ರತಿ ಸಭೆಯಲ್ಲೂ ಎದ್ದು ನಿಲ್ಲುತ್ತಾರೆ. ಪ್ರತಿ ಸಭೆಯಲ್ಲೂ ಉಳಿದವರು ಕೂರಿಸುತ್ತಾರೆ. "ನಿಂತು ಕೂತು ಮಾಡಿದ್ರೆ ಮಂಡಿಗೆ ಒಳ್ಳೇದೇ" ಎನ್ನುತ್ತಾರೆ ಮೇಡಂ.

ಗಂಟೆ ಹೊಡೆಯುತ್ತದೆ. ಅಂಗಳ ತುಂಬಿ ಗದ್ದಲವೇಳುತ್ತದೆ. ನಿವೃತ್ತಿಗೆ ಮುನ್ನ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ಪ್ರಶಸ್ತಿ, ಬಡ್ತಿ ಯಾವುದರ ಹೆಸರೂ ಬರುವುದಿಲ್ಲ. ಚೀಲ ಹೆಗಲಿಗೇರಿಸಿಕೊಂಡು ಸ್ವಲ್ಪ ಯೋಚಿಸುತ್ತಾರೆ.

"ಒಂದೇ ಒಂದು ಆಸೆ ಇದೆ. ಈ ಮಕ್ಕಳಲ್ಲಿ ಯಾರಾದ್ರೂ ಒಂದಿನ ನನ್ನ ಜೊತೆ ಇಂಗ್ಲಿಷಲ್ಲಿ ಜಗಳ ಆಡ್ಬೇಕು. ನ್ಯಾಯ ಅವರ ಕಡೆ ಇರ್ಬೇಕು. ನಾನು ಸೋಲ್ಬೇಕು."