ಯಮುನಮ್ಮ ಮೇಡಂ ಅವರ ನಾಲ್ಕನೇ ತರಗತಿ

ನಮ್ಮ ಶಾಲೆಯ ಯಮುನಮ್ಮ ಮೇಡಂ ತರಬೇತಿ ಮುಗಿಸಿ ಬಂದ ದಿನ, ಅವರು ಚಪ್ಪಲಿ ಬಿಡುವ ಸದ್ದಿನಲ್ಲೇ ನನಗೆ ಗೊತ್ತಾಗುತ್ತದೆ, ಮತ್ತೊಂದು ಸಿದ್ಧಾಂತ ಬಂತು ಅಂತ. ಅವರು ಕೆಲಸಕ್ಕೆ ಸೇರಿದಾಗ ವರ್ತನಾವಾದ ಇತ್ತು. ಸರಿ ಹೇಳಿದ ಮಗುವಿಗೆ ಶಹಬ್ಬಾಸ್ ಅನ್ನಿ, ತಾನೇ ಕಲಿಯುತ್ತದೆ ಅಂದರು. ಆಮೇಲೆ ಅದು ಸಾಲದು, ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಅಂತ ರಚನಾವಾದ ಬಂತು. ಶಿಕಾರಿಪುರದ ತರಬೇತಿಯಲ್ಲಿ ಹೇಳುವವರು ಪ್ರತಿ ಸಲ ಹೊಸಬರು, ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನುವ ಹಾಗೆ ಹೇಳುತ್ತಾರೆ. ಕೇಳುವವರು ಮಾತ್ರ ಅದೇ ಯಮುನಮ್ಮ. ನನಗೆ ಸಿಟ್ಟು ಬರುತ್ತದೆ. ಅವರಿಗೆ ಈಗೀಗ ಅದೂ ಬರುವುದಿಲ್ಲ, ಮಂಡಿ ನೀವಿಕೊಂಡು ಕೂರುತ್ತಾರೆ.

ಉಡುತಡಿಯಿಂದಾಚೆ ನಮ್ಮ ಶಾಲೆ. ಪಾಠ ಹೇಳಲು ಇರುವವರು ನಾವಿಬ್ಬರೇ. ಐದರಿಂದ ಏಳು ನನ್ನ ಪಾಲು, ಒಂದರಿಂದ ನಾಲ್ಕು ಅವರ ಪಾಲು. ಮೂರನೇ ಹುದ್ದೆ ಖಾಲಿ ಬಿದ್ದು ಎಷ್ಟೋ ಕಾಲವಾಯಿತು.

ಬಂದುಹೋದ ಇಷ್ಟೆಲ್ಲದರಲ್ಲಿ ಮೇಡಂ ಮನಸಾರೆ ನಂಬಿದ್ದು ನಲಿ-ಕಲಿಯೊಂದನ್ನೇ. ಮೂರನೇ ತರಗತಿವರೆಗಿನ ಮಕ್ಕಳೆಲ್ಲ ಚಾಪೆಯ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ, ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾರ್ಡು. ತನ್ನ ಕಾರ್ಡು ಮುಗಿಸಿದ ಮಗು ಮುಂದಿನ ಮೆಟ್ಟಿಲಿಗೆ ಹೋಗುತ್ತದೆ, ಪಕ್ಕದ ಮಗು ಎಲ್ಲಿದೆ ಅನ್ನುವುದು ಅದಕ್ಕೆ ಬೇಕಿಲ್ಲ. ಶಾಲೆ ತಪ್ಪಿಸಿದ ಮಗು ಬಂದು ಬಿಟ್ಟಲ್ಲಿಂದ ಹಿಡಿಯುತ್ತದೆ.

ಇದು ಸುಮಾಗೆ ಹೇಳಿ ಮಾಡಿಸಿದ ಹಾಗಿತ್ತು. ಸುಮಾ ಕುರಿ ಸಾಕುವ ದೊಡ್ಡಬೀರಪ್ಪನ ಮಗಳು. ದೀಪಾವಳಿ ಕಳೆದು ಸೊರಬದ ಕಡೆ ಭತ್ತದ ಕೊಯ್ಲು ಮುಗಿದರೆ ಮನೆಮಂದಿಯೆಲ್ಲ ಕುರಿ ಹೊಡೆದುಕೊಂಡು ಹೊರಡುತ್ತಾರೆ. ಅಲ್ಲಿನವರು ಗೊಬ್ಬರಕ್ಕೆಂದು ಗದ್ದೆಯಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಯುಗಾದಿ ಹೊತ್ತಿಗೆ ವಾಪಸ್ಸು. ಅವಳು ಹೊರಟಾಗ ಮೇಡಂ ಆ ಕಡೆಯ ಹೊಸಬಾಳೆ ಶಾಲೆಯ ಮೇಘನಾ ಟೀಚರಿಗೆ ಫೋನು ಮಾಡುತ್ತಿದ್ದರು: "ನಮ್ಮ ಹುಡುಗಿ ಬರ್ತಾಳಮ್ಮ. ಕಳೆಯೋ ಲೆಕ್ಕದ ಮೆಟ್ಟಿಲಲ್ಲಿದಾಳೆ. ಒಂದಿಷ್ಟು ದಿನ ಕೂರಿಸ್ಕೋ." ಅಲ್ಲೂ ಅದೇ ಏಣಿ, ಅದೇ ಕಾರ್ಡು. ಮೂರು ವರ್ಷ ಆ ಹುಡುಗಿಗೆ ತಾನು ಓದಿನಲ್ಲಿ ಹಿಂದಿದ್ದೇನೆ ಅನ್ನುವುದೇ ಗೊತ್ತಾಗಲಿಲ್ಲ.

ನಾಲ್ಕನೇ ತರಗತಿಗೆ ಏಣಿಯಿಲ್ಲ. ಬೆಂಚು, ಪುಸ್ತಕ, ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ಸುಮಾ ಪಾಸೇನೋ ಆದಳು, ಮೂರನೆಯದರ ಮೆಟ್ಟಿಲುಗಳು ಇನ್ನೂ ಮುಗಿದಿರಲಿಲ್ಲ.

"ನಾಲ್ಕರಲ್ಲಿ ಕೈ ತಪ್ಪಿದ್ರೆ ಈ ಹುಡುಗಿ ಮತ್ತೆ ಸಿಗಲ್ಲ ಕಣ್ರೀ ಮೇಷ್ಟ್ರೇ" ಅಂದರು ಮೇಡಂ. ಬೇಸಿಗೆ ರಜೆಯೆಲ್ಲ ಕೂತು, ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯಲ್ಲಿ ನಾಲ್ಕನೆಯದರ ಪಾಠಗಳಿಗೆ ತಾವೇ ಕಾರ್ಡು ಮಾಡಿದರು, ಮೂರನೆಯದರ ಏಣಿಗೆ ಸರಿಯಾಗಿ ಕೂಡುವ ಹಾಗೆ. ರಿಟೈರಾಗೋ ವಯಸ್ಸಲ್ಲಿ ಯಾಕ್ರೀ ಇದೆಲ್ಲ ಅಂದೆ. "ಸುಮ್ನಿರ್ರೀ, ಆ ಗೋಂದು ಕೊಡಿ ಇಲ್ಲಿ" ಅಂದರು.

ಜೂನಿನಲ್ಲಿ ಟೀವಿ ಬಂತು. ಯಾವುದೋ ಸಂಸ್ಥೆಯವರ ದಾನ, ನಾಲ್ಕನೇ ತರಗತಿಯ ಗೋಡೆಗೆ ಹಾಕಿದರು. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಮಕ್ಕಳು ಒಟ್ಟಿಗೆ ಕೂಗುತ್ತಾರೆ, ಒಬ್ಬರು ಹೋಗಿ ಉತ್ತರ ಮುಟ್ಟುತ್ತಾರೆ, ಸರಿಯಾದರೆ ಹಾಡು, ಚಪ್ಪಾಳೆ. ಮಕ್ಕಳಿಗೆ ಹಬ್ಬವೋ ಹಬ್ಬ. ನಿಜ ಹೇಳಬೇಕೆಂದರೆ ಪಾಠಗಳೂ ಕೆಟ್ಟದಾಗಿರಲಿಲ್ಲ.

ಮೇಡಂ ಅದೇ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿ ಸುಮಾಗೆ ಕಾರ್ಡು ಕೊಟ್ಟರು. ಒಂದು ದಿನ ಕೂತಳು. ಮರುದಿನ ನಾನು ಟೀವಿಯ ವೈರು ಸರಿಮಾಡುತ್ತಿದ್ದೆ, ಹುಡುಗಿ ಚಾಪೆಯ ಪಕ್ಕ ನಿಂತೇ ಇದ್ದಳು.

"ಮೇಡಂ, ನಾನೊಬ್ಬಾಕೀನೇ ಕೆಳಗೆ ಕೂರಬೇಕಾ?"

"ಇದು ನಿನ್ನ ಏಣಿ ಕಣವ್ವ. ನಿಂಗೆ ಅಂತಾನೇ ಮಾಡಿದ್ದು."

"ನಂಗೊಬ್ಬಾಕೀಗೆ ಬ್ಯಾಡ್ರೀ. ಎಲ್ಲಾರೂ ನೋಡ್ತಾರ."

ಬೆಂಚಿನ ಮೇಲಿದ್ದವರು ನೋಡುತ್ತಲೇ ಇದ್ದರು. ಅತ್ತ ಚಿಕ್ಕ ಮಕ್ಕಳ ಕೋಣೆಯಲ್ಲಿ ಯಾವುದೋ ಮಗು ಅಳತೊಡಗಿತು. "ಹೋಗು, ಕೂತ್ಕೋ" ಅಂದರು ಮೇಡಂ. ಸುಮಾ ಓಡಿಹೋಗಿ ಗೆಳತಿ ನಯನಳ ಪಕ್ಕ ಕೂತಳು.

ಮಳೆಗಾಲವೆಲ್ಲ ಅಲ್ಲೇ ಕೂತಳು. ಎಲ್ಲರೂ ಕೂಗಿದಾಗ ಬಾಯಿ ಆಡಿಸುವಳು, ಚಪ್ಪಾಳೆ ತಟ್ಟಿದಾಗ ತಟ್ಟುವಳು, ಪರದೆ ಮುಟ್ಟಲು ಕರೆದರೆ ನಯನಳನ್ನು ಮುಂದೆ ತಳ್ಳುವಳು. ತಾಲ್ಲೂಕಿನಿಂದ ನೋಡಲು ಬಂದವರು, ಎಲ್ಲ ಮಕ್ಕಳೂ ಉತ್ಸಾಹದಿಂದ ಭಾಗವಹಿಸುತ್ತಿದ್ದಾರೆ ಎಂದು ಹೊಗಳಿ ಹೋದರು. ನನಗೆ ಮೈಯೆಲ್ಲ ಉರಿಯಿತು. ಎರಡು ಕೋಣೆಗಳ ನಡುವೆ ಓಡಾಡಿ ಓಡಾಡಿ ಮೇಡಂ ಹಣ್ಣಾಗಿದ್ದರು. ದಸರಾ ರಜೆ ಮುಗೀಲಿ, ಸುಮಾನ ಸಂಜೆ ಕೂರಿಸ್ಕೊಂಡು ಹೇಳ್ಕೊಡ್ತೀನಿ ಅಂದರು. ರಜೆ ಮುಗಿಯುವಷ್ಟರಲ್ಲಿ ಮನೆಮನೆ ಸಮೀಕ್ಷೆಯ ಕೆಲಸ ಬಿತ್ತು. ಅದು ಮುಗಿಯುವ ಹೊತ್ತಿಗೆ ಕುರಿ ಹೊರಟಿತ್ತು. ಹೊಸಬಾಳೆಗೆ ಫೋನು ಮಾಡಿ, ಹುಡುಗಿ ಬರ್ತಾಳೆ ಅಂದರು. ಎಲ್ಲಿವರೆಗೆ ಕಲಿತಿದ್ದಾಳೆ ಅಂತ ಹೇಳಲು ಈ ಸಲ ಅವರಿಗೇ ಗೊತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮೇಘನಾ ಟೀಚರ ಫೋನು ಬಂತು. ನಾನು ಎದುರಿಗೇ ಇದ್ದೆ.

"ಮೇಡಂ, ನಿಮ್ಮ ಸುಮಾ ಈ ಸರ್ತಿ ಬರ್ಲೇ ಇಲ್ಲ. ಮಂದೆ ನಮ್ಮ ಶಾಲೆ ಹಿಂದಿನ ಗದ್ದೆಯಲ್ಲೇ ಇದೆ. ನಾನೇ ಹೋಗಿ ಕರೆದೆ. ಅವಳಪ್ಪನೂ ಹೋಗು ಅಂದ್ರು. ಅವಳೇ ಒಲ್ಲೆ ಅಂದ್ಲು. ನಂಗೆ ಓದೋಕೆ ಬರಲ್ಲ ಟೀಚರ್, ಮರಿ ನೋಡ್ಕೋತೀನಿ ಅಂದ್ಲು."

ಮೇಡಂ ಫೋನನ್ನು ಮೇಜಿನ ಮೇಲಿಟ್ಟರು. ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ, ಯುಗಾದಿಗೆ ಬರ್ತಾಳೆ ಬಿಡ್ರೀ ಅಂದೆ ನಾನು. ನನ್ನ ಮಾತಿನಲ್ಲಿ ನನಗೇ ನಂಬಿಕೆಯಿರಲಿಲ್ಲ.

"ಅವಳನ್ನ ಬೆಂಚಿಗೆ ಕಳಿಸಿದ್ದು ತಪ್ಪಲ್ಲ ಮೇಷ್ಟ್ರೇ" ಅಂದರು. "ಆದ್ರೆ ಅವತ್ತು ಉಳಿದೋರನ್ನೂ ಕೆಳಗಿಳಿಸಿ ಅವಳ ಜೊತೆ ಚಾಪೆ ಮೇಲೆ ಕೂರಿಸ್ಬೇಕಿತ್ತು. ಕಾರ್ಡು ಎಲ್ಲರಿಗೂ ಆಗೋವಷ್ಟಿತ್ತು. ಅವತ್ತೇ ಹೊಳೆದಿತ್ತು ನಂಗೆ."

ಮಂಡಿ ನೀವಿಕೊಂಡರು.

"ಸುಸ್ತಾಗಿತ್ತು ಕಣ್ರೀ. ಅದಕ್ಕೆ ಬಿಟ್ಟೆ."